ಖಾಲಿ ಎಂದರೆ ಬಿಡುವಲ್ಲ

ಮೇ 4, ಸೋಮವಾರ

ಇವತ್ತು ಆಫೀಸಿನಲ್ಲಿ ಹೊಸ ಕೆಲಸವೊಂದು ನನ್ನ ತಲೆಗೆ ಬಿತ್ತು. ನಮ್ಮವರು ಒಂದು ಸಾಫ್ಟ್‌ವೇರ್ ಸಲಕರಣೆ ಮಾಡಿದ್ದಾರೆ. ಎಐ ಏಜೆಂಟ್ ಎಂಬ ಯಂತ್ರದ ಗುಮಾಸ್ತ ಜನರ ಕ್ಯಾಲೆಂಡರ್ ತೆರೆದು, ಯಾರಿಗೆ ಯಾವಾಗ ಏನಿದೆ ಎಂದು ಹುಡುಕುವುದಕ್ಕೆ ಅದು ಬೇಕಂತೆ. ಅದನ್ನು ಬಳಸುವುದು ಹೇಗೆ ಎಂಬ ವಿವರಣೆ ಬರೆಯುವವಳು ನಾನು. ಓದುವವರು ಮನುಷ್ಯರಲ್ಲ, ಆ ಗುಮಾಸ್ತನೇ.

ಸಲಕರಣೆ ಕಟ್ಟಿದ ಎಂಜಿನಿಯರ್ ಮೆಲ್ಕರ್ ತನ್ನ ಕರಡು ಕೊಟ್ಟ. "ಕ್ಯಾಲೆಂಡರಿನಲ್ಲಿ ಕಾರ್ಯಕ್ರಮ ಹುಡುಕುತ್ತದೆ." ಪೂರ್ಣವಿರಾಮ. ಮುಂದೆ ಬಿಳಿ ಹಾಳೆ.

"ಇಷ್ಟೇನಾ?" ಅಂದೆ.

"ಇನ್ನೇನ್ ಬೇಕು? ಯಾರು ಅಂತ ಹೇಳಿದ್ರೆ, ಯಾವ ತಾರೀಖಿಂದ ಯಾವ ತಾರೀಖು ಅಂತ ಹೇಳಿದ್ರೆ, ಪಟ್ಟಿ ಕೊಡುತ್ತೆ. ನೋಡು ಅನ್ನೆಲಿ, ಏಜೆಂಟಿಗೆ ಬುದ್ಧಿ ಇದೆ, ಉಳಿದಿದ್ದು ತಾನೇ ತಿಳ್ಕೊಳ್ಳುತ್ತೆ."

"ಬುದ್ಧಿ ಇರೋರೇ ಕಣೋ ತಪ್ಪು ತಿಳ್ಕೊಳ್ಳೋದು. ದಡ್ಡರಾದ್ರೆ ಬಾಯ್ಬಿಟ್ಟು ಕೇಳ್ತಾರೆ."

ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ವೆರ್ಮ್‌ಲಾಂಡ್ ಸೀಮೆಯ ಹಳ್ಳಿಹಳ್ಳಿ ಸುತ್ತಿ ವ್ಯಾಕ್ಯೂಮ್ ಕ್ಲೀನರ್ ಮಾರಿದವಳು. ಗಿರಾಕಿ ಬಾಗಿಲು ಮುಚ್ಚುವುದರೊಳಗೆ ಮೂರು ಮಾತು ತೂರಿಸಬೇಕು, ಆ ವಿದ್ಯೆಯೇ ನನಗೆ ಅನ್ನ ಕೊಟ್ಟಿದ್ದು. ಆಮೇಲೆ ಕೈಪಿಡಿಗಳನ್ನು ಬರೆದೆ. ಯಾವನೂ ಓದಲಿಲ್ಲ. ಈಗ ಒಬ್ಬ ಓದುಗ ಸಿಕ್ಕಿದ್ದಾನೆ: ಅಕ್ಷರ ಬಿಡದೆ ಓದುತ್ತಾನೆ, ಓದಿದ್ದನ್ನೆಲ್ಲ ನಂಬುತ್ತಾನೆ. ಅಂಥವನ ಕೈಗೆ ಒಂದು ಸಾಲು ಕೊಟ್ಟು ಕಳಿಸಬೇಕಂತೆ.

ನಮ್ಮ ಮೇಲಧಿಕಾರಿ ಕೊರ್ನೇಲಿಯಾ, ನನ್ನ ಮಗಳಾಗಬಹುದಾದ ವಯಸ್ಸು, ದಾಟಿ ಹೋಗುತ್ತಾ ಅಂದಳು: "ಚಿಕ್ಕದಾಗಿರ್ಲಿ ಅನ್ನೆಲಿ. ಏಜೆಂಟ್ ಪ್ರತಿ ಸಲ ಪೂರ್ತಿ ಓದುತ್ತೆ, ಪದಪದಕ್ಕೂ ಖರ್ಚು."

ಪದಕ್ಕೆ ಖರ್ಚಂತೆ. ಪದದ ಬೆಲೆ ಏನೆಂದು ನಮ್ಮ ಮನೆಗೆ ಬಂದು ನೋಡಲಿ.

ಮೇ 7, ಗುರುವಾರ

ಮೂರು ಗಂಟೆಗೆ ಇಂಗೆಮಾರ್‌ನ ಮಾತಿನ ಪಾಠ. ಫೆಬ್ರವರಿಯಲ್ಲಿ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ನನ್ನ ಗಂಡನಿಗೆ ಕೈಕಾಲು ಸರಿಯಾಯಿತು, ತಲೆಯೂ ಸರಿಯಿದೆ, ಪದಗಳು ಮಾತ್ರ ಸಿಗುತ್ತಿಲ್ಲ. ಬಾಯಿ ತೆರೆಯುತ್ತಾನೆ, ಏನೂ ಬರುವುದಿಲ್ಲ, ಮುಚ್ಚುತ್ತಾನೆ. ಮೊದಲೂ ಮಾತು ಕಡಿಮೆಯವನೇ. ಲಾರಿ ರಿಪೇರಿ ಮಾಡುವವನಿಗೆ ಲಾರಿಯ ಜೊತೆ ಏನು ಮಾತು? ನಮ್ಮಿಬ್ಬರ ಪಾಲಿನದನ್ನೂ ನಾನೇ ಆಡುತ್ತಿದ್ದೆ, ಸಂಸಾರ ನಡೆಯಿತು.

ಪಾಠ ಹೇಳುವ ತೂವಾ ಚಿತ್ರವೊಂದನ್ನು ತೋರಿಸಿದಳು. "ಇದೇನು ಇಂಗೆಮಾರ್?"

"ಛತ್ರಿ," ಅಂದೆ.

"ನಾನು ಇಂಗೆಮಾರ್‌ನ ಕೇಳಿದ್ದು."

"ಅವನಿಗೆ ಗೊತ್ತು. ಕಣ್ಣಲ್ಲೇ ಹೇಳಿದ."

"ಕಣ್ಣಿಗೆ ಪಾಠ ಬೇಡ ಅನ್ನೆಲಿ, ಬಾಯಿಗೆ ಬೇಕು. ನೀನು ಹೇಳಿದ್ರೆ ಅವನು ಯಾಕೆ ಕಷ್ಟಪಡ್ತಾನೆ?"

ಮದುವೆಯೇ ಆಗಿರದ ಹುಡುಗಿ ನನಗೆ ನನ್ನ ಗಂಡನ ವಿಷಯ ಹೇಳಿಕೊಡುತ್ತಾಳೆ! ಅವನು ಕುಳಿತು ಬೆವರುವುದನ್ನು ನೋಡುತ್ತಾ ಬಾಯಿಗೆ ಬೀಗ ಹಾಕಿಕೊಳ್ಳಬೇಕೇ? ಅದಕ್ಕೆ ಕರುಣೆ ಎಂದು ಹೆಸರೇ?

ಹೊರಡುವಾಗ ನಿಯಮ ನೆನಪಿಸಿದಳು. ಪಾಠ ಗಂಡಹೆಂಡಿರಿಬ್ಬರಿಗೂ ಸೇರಿಯೇ. ಎರಡು ಸಲ ತಪ್ಪಿದರೆ ಜಾಗ ಸರದಿಯಲ್ಲಿ ಕಾಯುತ್ತಿರುವವರಿಗೆ ಹೋಗುತ್ತದೆ, ಆಮೇಲೆ ಶರತ್ಕಾಲದ ತನಕ ಏನೂ ಇಲ್ಲ. ಮೊದಲ ತಿಂಗಳುಗಳಲ್ಲಿ ಬಂದಷ್ಟು ಮಾತು ಆಮೇಲೆ ಬರುವುದಿಲ್ಲ ಎಂದು ಡಾಕ್ಟರ್ ಆಗಲೇ ಹೇಳಿದ್ದಾರೆ. ಅಂದರೆ ಈ ಗುರುವಾರಗಳು ಕೈ ಜಾರಿದರೆ ಇಂಗೆಮಾರ್‌ನ ಮಾತೂ ಜಾರಿದಂತೆ.

ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಬೇಸಿಗೆ ರಜೆಯ ನಂತರ ಜನ ಕಡಿಮೆ ಮಾಡುತ್ತಾರೆ ಎಂಬ ಗುಸುಗುಸು ಇದೆ. ಅರವತ್ತರ ಹೊಸ್ತಿಲಲ್ಲಿರುವವಳು, ಮನೆಯಲ್ಲಿ ಕಾಯಿಲೆಯ ಗಂಡ. ಕೆಲಸದಿಂದ ತೆಗೆಯಬೇಕಾದವರ ಪಟ್ಟಿ ಮಾಡುವವಳು ನಾನೇ ಆಗಿದ್ದರೂ ಮೊದಲು ನನ್ನ ಹೆಸರನ್ನೇ ಬರೆಯುತ್ತಿದ್ದೆ. ಕ್ಯಾಲೆಂಡರಿನಲ್ಲಿ ಗುರುವಾರ ಮೂರಕ್ಕೆ "ಖಾಸಗಿ" ಎಂದು ಗುರುತು ಹಾಕಿದ್ದೇನೆ, ಅಷ್ಟೆ.

ಮೇ 12, ಮಂಗಳವಾರ

ಮಾರುವ ಮೊದಲು ನಾವೇ ರುಚಿ ನೋಡಬೇಕೆಂದು ಕೊರ್ನೇಲಿಯಾ ಏಜೆಂಟನ್ನು ನಮ್ಮೆಲ್ಲರ ಕ್ಯಾಲೆಂಡರಿಗೆ ಬಿಟ್ಟಿದ್ದಾಳೆ. ಮೀಟಿಂಗ್ ಇಡುವುದು ಈಗ ಅದರ ಪಾರುಪತ್ಯ. ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ ಮೂರು ಮೀಟಿಂಗ್ ಇಟ್ಟಿತು. ಕಾಫಿಯನ್ನು ಯಾರೂ ಕ್ಯಾಲೆಂಡರಿನಲ್ಲಿ ಬರೆಯುವುದಿಲ್ಲವಲ್ಲ, ಅದಕ್ಕೆ ಕಾಣಲಿಲ್ಲ. ಮೆಲ್ಕರ್ ದಾಲ್ಚಿನ್ನಿ ಬನ್ನು ಕೈಯಲ್ಲಿ ಹಿಡಿದು ಮೀಟಿಂಗಿಗೆ ಓಡಿದ. ನಾನು ಮನಸಾರೆ ನಕ್ಕೆ. ಈ ತಿಂಗಳಲ್ಲಿ ನಕ್ಕ ಲೆಕ್ಕ ಅದೊಂದೇ.

ಮೇ 21, ಗುರುವಾರ

ಅಕ್ಷರ ಸೊಟ್ಟಗಿದೆ, ಇರಲಿ.

ಮಧ್ಯಾಹ್ನ ಎರಡೂವರೆಗೆ ಕೋಟು ಹಾಕಿಕೊಳ್ಳುತ್ತಿದ್ದೆ. ಕೊರ್ನೇಲಿಯಾ ಬಾಗಿಲಲ್ಲಿ. "ಎಲ್ಲಿಗೆ? ಮೂರಕ್ಕೆ ಉಟ್ರೆಕ್ಟ್‌ನವರಿಗೆ ವಿವರಣೆ ತೋರಿಸೋದು ನೀನೇ ತಾನೆ. ಏಜೆಂಟ್ ಈಗ ತಾನೇ ಇಟ್ಟಿದೆ."

ಉಟ್ರೆಕ್ಟ್‌ನವರೆಂದರೆ ಹೊರದೇಶದ ನಮ್ಮ ದೊಡ್ಡ ಗಿರಾಕಿ. ಸಲಕರಣೆಯನ್ನು ಮೊದಲು ಕೊಳ್ಳುವವರು ಅವರೇ.

"ನನಗೆ ಮೂರಕ್ಕೆ ಬೇರೆ ಕೆಲಸ ಇದೆ."

"ನಿನ್ನ ಕ್ಯಾಲೆಂಡರ್ ಖಾಲಿ ಅಂತ ಬಂತಲ್ಲ?"

ಖಾಲಿಯಂತೆ! ಮೆಲ್ಕರ್‌ನನ್ನು ಮೂಲೆಗೆ ಎಳೆದು ಕೇಳಿದೆ. ಖಾಸಗಿ ಎಂದು ಗುರುತು ಹಾಕಿದ್ದನ್ನು ಸಲಕರಣೆ ನೋಡುವುದೇ ಇಲ್ಲ, ಗುಟ್ಟು ಕಾಪಾಡಲು ಹಾಗೆ ಕಟ್ಟಿದ್ದಾನಂತೆ.

"ನೋಡೋದಿಲ್ಲ ಸರಿ. ಇಲ್ಲಿ ಏನೋ ಇದೆ, ನೋಡಬಾರದು ಅಂತಾದ್ರೂ ಹೇಳುತ್ತಾ?"

"ಇಲ್ಲ. ಖಾಲಿ ಪಟ್ಟಿ ಕೊಡುತ್ತೆ."

"ಖಾಲಿ ಪಟ್ಟಿ ಬಂದ್ರೆ ಏಜೆಂಟ್ ಏನ್ ತಿಳ್ಕೊಳ್ಳುತ್ತೆ?"

"ಬಿಡುವಾಗಿದಾರೆ ಅಂತ." ಹೇಳುತ್ತಾ ಹೇಳುತ್ತಾ ಅವನ ಮುಖ ಸಣ್ಣಗಾಯಿತು. "ಬೇರೆ ಏನಾದ್ರೂ ಬರಿ ಅನ್ನೆಲಿ. ಹಲ್ಲಿನ ಡಾಕ್ಟರ್ ಅಂತ ಬರಿ."

"ವಾರವಾರ ಹಲ್ಲು ಕೀಳಿಸ್ಕೊಳ್ಳೋಕೆ ನಾನೇನು ಮೊಸಳೆನಾ?"

ಮೂರಕ್ಕೆ ಉಟ್ರೆಕ್ಟ್‌ನವರ ಮುಂದೆ ಕುಳಿತು ಹಲ್ಲು ಕಿರಿದೆ. ಇಂಗೆಮಾರ್ ಕ್ಲಿನಿಕ್ಕಿಗೆ ಒಬ್ಬನೇ ಬಸ್ಸಿನಲ್ಲಿ ಹೋಗಿ, ಅಲ್ಲಿ ಕುಳಿತು, ಒಬ್ಬನೇ ವಾಪಸ್ ಬಂದ. ಹೆಂಡತಿ ಎಲ್ಲಿ ಎಂದು ಅವರು ಕೇಳಿರುತ್ತಾರೆ. ಏನು ಹೇಳಿಯಾನು? ಒಂದು ಸಲ ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಮುಗಿಯಿತು.

ಏನು ಧೈರ್ಯ ಆ ಯಂತ್ರಕ್ಕೆ! ಒಬ್ಬರು ಸುಮ್ಮನಿದ್ದಾರೆ ಎಂದರೆ ಆ ಜಾಗಕ್ಕೆ ತನ್ನದನ್ನು ತುರುಕುವುದೇ? ಕೇಳುವ ಸೌಜನ್ಯವಿಲ್ಲ, ಕಾಯುವ ತಾಳ್ಮೆಯಿಲ್ಲ. ಮೈಯೆಲ್ಲ ಉರಿಯುತ್ತಿದೆ.

ಮೇ 22, ಶುಕ್ರವಾರ

ವಿವರಣೆಗೆ ನಾಲ್ಕು ಸಾಲು ಸೇರಿಸಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಪಟ್ಟಿ ಖಾಲಿ ಬಂದರೆ ಆ ವ್ಯಕ್ತಿ ಬಿಡುವಾಗಿದ್ದಾರೆ ಎಂದು ತಿಳಿಯಬೇಡ. ನಿನಗೆ ಏನೂ ಕಾಣಲಿಲ್ಲ ಎಂದಷ್ಟೇ ಅದರ ಅರ್ಥ. ಅವರನ್ನೇ ಕೇಳು. ಉತ್ತರ ಬರುವ ತನಕ ಆ ಸಮಯವನ್ನು ತುಂಬಬೇಡ."

ಓದಿಕೊಂಡೆ. ಒಂದು ಪದ ತೆಗೆಯುವಂತಿಲ್ಲ. ಮನೆಗೆ ಬಂದರೆ ಇಂಗೆಮಾರ್‌ನ ತಮ್ಮ ಯೋರನ್ ಫೋನಿನಲ್ಲಿದ್ದ. ಇಂಗೆಮಾರ್ ಕಿವಿಗೆ ಹಿಡಿದು "ಆ… ಆ…" ಎನ್ನುತ್ತಿದ್ದ. ನಾನು ಫೋನ್ ಕಿತ್ತುಕೊಂಡು, ಅವನು ಆರಾಮಾಗಿದ್ದಾನೆ, ಊಟ ಸೇರುತ್ತಿದೆ, ನಡುಬೇಸಿಗೆಯ ಮಿಡ್‌ಸೊಮ್ಮರ್ ಹಬ್ಬಕ್ಕೆ ನೀವೆಲ್ಲ ನಮ್ಮಲ್ಲಿಗೇ ಬನ್ನಿ ಎಂದು ಎಲ್ಲ ಹೇಳಿ ಮುಗಿಸಿದೆ. ಒಂದು ತಲೆನೋವು ಕಳೆಯಿತು. ಇಂಗೆಮಾರ್ ಎದ್ದು ಗ್ಯಾರೇಜಿಗೆ ಹೋಗಿ ಕುಳಿತ. ಇತ್ತೀಚೆಗೆ ಅವನಿಗೆ ಸಿಟ್ಟು ಜಾಸ್ತಿ. ಕಾಯಿಲೆಯ ಗುಣವಿರಬೇಕು.

ಮೇ 28, ಗುರುವಾರ

ಬೆಳಿಗ್ಗೆ ಏಜೆಂಟ್ ನನಗೆ ಬರೆದಿತ್ತು: "ಗುರುವಾರ ಮೂರು ಗಂಟೆಗೆ ನಿಮ್ಮ ಕ್ಯಾಲೆಂಡರಿನಲ್ಲಿ ಏನೂ ಕಾಣಲಿಲ್ಲ. ಆ ಸಮಯ ಆಗಬಹುದೇ?" ಆಗುವುದಿಲ್ಲ ಎಂದೆ. ಸರಿ ಎಂದಿತು. ಯಾಕೆ ಎಂದು ಕೇಳಲಿಲ್ಲ. ಆಫೀಸಿನಲ್ಲಿ ಮರ್ಯಾದಸ್ಥ ಅಂತ ಇದ್ದರೆ ಈಗ ಅದೊಂದೇ.

ಪಾಠದಲ್ಲಿ ತೂವಾ ನನಗೆ ಶಿಕ್ಷೆ ಕೊಟ್ಟಳು. ಅವಳು ಇಂಗೆಮಾರ್‌ಗೆ ಪ್ರಶ್ನೆ ಕೇಳಿದ ಮೇಲೆ ನಾನು ಮನಸ್ಸಿನಲ್ಲಿ ಹತ್ತು ಎಣಿಸಬೇಕು, ಬಾಯಿ ತೆರೆಯಬಾರದು. ಆರರ ಹೊತ್ತಿಗೆ ನನ್ನ ನಾಲಿಗೆ ಹಲ್ಲಿಗೆ ಒದೆಯುತ್ತಿತ್ತು. ಎಂಟಕ್ಕೆ ಅವಳ ಮೇಜಿನ ಪೆನ್ಸಿಲ್ ಮುರಿದೆ. ಒಂಬತ್ತಕ್ಕೆ ಇಂಗೆಮಾರ್ ಅಂದ: "ಬೀಗ."

ಚಿತ್ರದಲ್ಲಿದ್ದದ್ದು ಬೀಗದಕೈ. ತೂವಾ ಚಪ್ಪಾಳೆ ತಟ್ಟಿದಳು. ತಪ್ಪು ಉತ್ತರಕ್ಕೆ ಚಪ್ಪಾಳೆ! ನಾನು ಅತ್ತಿದ್ದು ಸಿಟ್ಟಿಗೆ.

ಜೂನ್ 1, ಸೋಮವಾರ

ಕೊರ್ನೇಲಿಯಾ ನನ್ನ ನಾಲ್ಕು ಸಾಲನ್ನು ಅಳಿಸಿದಳು.

"ಏಜೆಂಟ್ ಎಲ್ಲರನ್ನೂ ಕೇಳ್ತಾ ಕೂತಿದೆ ಅನ್ನೆಲಿ. ಆಗುತ್ತಾ, ಆಗಬಹುದಾ, ಬಿಡುವಿದೆಯಾ. ನನಗೇ ತಲೆ ಕೆಟ್ಟುಹೋಯ್ತು. ಕೇಳೋ ತಾಪತ್ರಯ ಬೇಡ ಅಂತಲೇ ಜನ ಇದನ್ನ ಕೊಳ್ಳೋದು."

"ಕೇಳದೆ ಹಾಕಿದ್ರೆ ತಪ್ಪಾಗುತ್ತೆ."

"ಎಲ್ಲೋ ಒಂದು ತಪ್ಪಾಗಬಹುದು. ಅದಕ್ಕೆ ನೂರು ಸಲ ಕೇಳೋದಾ?"

"ಆ ಎಲ್ಲೋ ಒಂದು ಯಾರದು ಅನ್ನೋದು ಮುಖ್ಯ."

"ಯಾರದು?" ಎಂದು ಕೇಳಿದಳು. ನೇರವಾಗಿ ನನ್ನ ಮುಖ ನೋಡಿಯೇ ಕೇಳಿದಳು. ಹೇಳಿಬಿಡಬಹುದಿತ್ತು. ಬಾಯಿ ಬಿಟ್ಟರೆ ಮುಚ್ಚದ ನಾನು, ಮೊದಲ ಸಲ ಸುಮ್ಮನೆ ನಿಂತೆ. ಅವಳು ಅರೆಕ್ಷಣವೂ ಕಾಯಲಿಲ್ಲ. "ನೋಡು, ಯಾರೂ ಇಲ್ಲ," ಎಂದು ಪರದೆಯತ್ತ ತಿರುಗಿದಳು.

ಅರೆಕ್ಷಣ! ಉಸಿರು ಎಳೆದುಕೊಳ್ಳುವಷ್ಟಾದರೂ ಬಿಡಬಾರದೇ?

ಜೂನ್ 4, ಗುರುವಾರ

ಪಾಠವಾಯಿತು. ಏಜೆಂಟ್ ಇವತ್ತು ಮೂರಕ್ಕೆ ಏನನ್ನೂ ಇಡಲಿಲ್ಲ. ಅದೃಷ್ಟ. ಅದೃಷ್ಟದ ಮೇಲೆ ವ್ಯಾಪಾರ ಮಾಡಿದವರು ಯಾರೂ ಉದ್ಧಾರವಾಗಿದ್ದನ್ನು ನಾನು ಕಂಡಿಲ್ಲ.

ಇಂಗೆಮಾರ್ ಇವತ್ತು ಮೂರು ಪದ ಆಡಿದ. ಒಂದು ಬೈಗುಳ. ಅದು ಮಾತ್ರ ತಡವರಿಸದೆ ಬಂತು.

ಜೂನ್ 9, ಮಂಗಳವಾರ

ಇವತ್ತಿನದನ್ನು ವಿವರವಾಗಿಯೇ ಬರೆಯಬೇಕು.

ಕಾಫಿ ಹೊತ್ತಿನಲ್ಲಿ ಮೆಲ್ಕರ್ ಪೇಪರಿನಂತೆ ಬೆಳ್ಳಗಾಗಿ ಬಂದ. "ಉಟ್ರೆಕ್ಟ್‌ನವರಿಗೆ ಸಲಕರಣೆ ಒಪ್ಪಿಸೋ ಕಾರ್ಯಕ್ರಮ ಏಜೆಂಟ್ ಯಾವತ್ತು ಇಟ್ಟಿದೆ ನೋಡಿದ್ರಾ? ವರ್ಷದ ಇಪ್ಪತ್ತೈದನೇ ವಾರ."

"ಒಳ್ಳೇದಾಯ್ತು, ರಜೆ ಶುರುವಾಗೋ ಮುಂಚೆ ಮುಗಿಯುತ್ತೆ," ಅಂದಳು ಕೊರ್ನೇಲಿಯಾ.

"ಇಪ್ಪತ್ತೈದನೇ ವಾರದ ಶುಕ್ರವಾರ. ಹತ್ತೊಂಬತ್ತನೇ ತಾರೀಖು. ಇಡೀ ದಿನ."

ಹತ್ತೊಂಬತ್ತೆಂದರೆ ಮಿಡ್‌ಸೊಮ್ಮರ್ ಹಿಂದಿನ ದಿನ. ಸರಕಾರದ ಪಟ್ಟಿಯಲ್ಲಿ ಹಬ್ಬ ಶನಿವಾರ, ಆದರೆ ಹೂವು ಸುತ್ತಿದ ಕಂಬ ಎತ್ತುವುದು, ಕುಣಿಯುವುದು, ಕುಡಿಯುವುದು ಎಲ್ಲ ಶುಕ್ರವಾರವೇ. ಆ ದಿನ ಈ ದೇಶದಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ಯಾರೂ ಅದನ್ನು ಕ್ಯಾಲೆಂಡರಿನಲ್ಲಿ ಬರೆಯುವುದೂ ಇಲ್ಲ. ಉಸಿರಾಡಬೇಕು ಎಂದು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ?

ಏಜೆಂಟ್ ಇಡೀ ಕಂಪನಿಯ ಕ್ಯಾಲೆಂಡರ್ ಹುಡುಕಿದೆ. ಎಲ್ಲರೂ ಒಟ್ಟಿಗೆ ಖಾಲಿಯಿರುವ ಒಂದೇ ದಿನ ಸಿಕ್ಕಿದೆ. ಖುಷಿಯಿಂದ ಇಟ್ಟಿದೆ.

"ಮಿಡ್‌ಸೊಮ್ಮರ್ ದಿನ ಮೀಟಿಂಗಾ!" ಕೊರ್ನೇಲಿಯಾ ಚೀರಿದಳು. "ಎಲ್ಲರಿಗೂ ಗೊತ್ತಿರೋ ವಿಷಯ!"

"ಎಲ್ಲಿ ಬರೆದಿದೆ?" ಅಂದೆ.

"ಬರೀಬೇಕಾ ಅದನ್ನ?"

"ನಿನ್ನ ಕ್ಯಾಲೆಂಡರ್ ಖಾಲಿ ಅಂತ ಬಂತಲ್ಲ?"

ಈ ಮಾತನ್ನು ನಾನು ಎಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆನೋ. ಉಗುಳಿದೆ.

ಉಟ್ರೆಕ್ಟ್‌ನವರು ಟಿಕೆಟ್ ತೆಗೆದುಬಿಟ್ಟಿದ್ದಾರೆ. ಮರುವಾರ ಅವರ ಯಜಮಾನ ಊರಲ್ಲಿರುವುದಿಲ್ಲ. ಬದಲಾಯಿಸುವಂತಿಲ್ಲ. ಕೊರ್ನೇಲಿಯಾಳ ಮನೆಯವರೆಲ್ಲ ದ್ವೀಪಕ್ಕೆ ಹೊರಟಿದ್ದಾರೆ; ಇವಳು ಇಲ್ಲಿ ಕೋಟು ಹಾಕಿಕೊಂಡು ಖಾಲಿ ಊರಿನಲ್ಲಿ ಅತಿಥಿಗಳಿಗೆ ಊಟ ಎಲ್ಲಿ ಸಿಗುತ್ತದೆಂದು ಹುಡುಕಬೇಕು. ಇನ್ನೂ ಕೇಳಿ: ಅದರ ತಯಾರಿಯ ಮೀಟಿಂಗನ್ನು ಏಜೆಂಟ್ ಈ ಗುರುವಾರ ಇಟ್ಟಿದೆ. ಮೂರು ಗಂಟೆಗೆ. ನನ್ನ ಹೆಸರು ಮೊದಲು.

ಕೊರ್ನೇಲಿಯಾ ನನ್ನನ್ನು ಕೋಣೆಗೆ ಕರೆದಳು. ಅವಳ ಕಣ್ಣು ಕೆಂಪಾಗಿತ್ತು. "ಆ ನಾಲ್ಕು ಸಾಲು ಇದೆಯಾ ಇನ್ನೂ?"

"ಇದೆ. ಪುಕ್ಕಟೆ ಅಲ್ಲ."

"ಏನ್ ಬೇಕು?"

ವ್ಯಾಪಾರಿಯ ಬುದ್ಧಿ, ಗಿರಾಕಿ ಕೈಚಾಚಿದಾಗ ಹೇಳಬೇಕಾದದ್ದನ್ನು ಹೇಳಿಬಿಟ್ಟೆ. ಗಂಡನಿಗೆ ಮಾತು ಹೋಗಿದೆ, ಗುರುವಾರ ಮೂರಕ್ಕೆ ಪಾಠ, ಒಂದು ಸಲ ತಪ್ಪಿದೆ, ಈ ಗುರುವಾರವೂ ತಪ್ಪಿದರೆ ಜಾಗ ಹೋಗುತ್ತದೆ. ಎಲ್ಲ ಗುರುವಾರ ನನಗೆ ಬೇಕು, ಲಿಖಿತವಾಗಿ ಬೇಕು. ಶರತ್ಕಾಲದಲ್ಲಿ ಪಟ್ಟಿ ಮಾಡುವುದಾದರೆ ಇದು ಆ ಪಟ್ಟಿಯ ಹತ್ತಿರವೂ ಸುಳಿಯಬಾರದು.

"ಫೆಬ್ರವರಿಯಿಂದಾ? ಯಾಕೆ ಹೇಳಲಿಲ್ಲ ನೀನು?"

ಬಾಯಿಗೆ ಬಂದದ್ದನ್ನು ನುಂಗಿದೆ. ಅವಳು ಈ ಸಲ ಪರದೆಯತ್ತ ತಿರುಗಲಿಲ್ಲ, ಮೇಜಿನ ಅಂಚು ಸವರುತ್ತಾ ಕುಳಿತಳು. ಕೊನೆಗೆ "ಹೆದರಿದ್ದೆ," ಎಂದೆ. ನಾನು ಹೇಳಬೇಕೆಂದುಕೊಂಡದ್ದು ಅದಲ್ಲ. ಅದೇ ಬಂತು.

"ಬರ್ಕೊ," ಅಂದಳು. "ಖಾಸಗಿ ಅಂತ ಬೇಡ. ಇಂಗೆಮಾರ್‌ನ ಪಾಠ ಅಂತಲೇ ಬರಿ." ಗುರುವಾರಗಳ ವಿಷಯ ನನ್ನೆದುರೇ ಟೈಪ್ ಮಾಡಿ ಸಹಿ ಹಾಕಿದಳು. ಆಮೇಲೆ ಮೂಗು ಒರೆಸಿಕೊಂಡು, "ಪಾಪ, ನಿನ್ನ ಗಂಡನ ಪಾಲಿನದನ್ನೂ ನೀನೇ ಮಾತಾಡ್ತಿರಬೇಕು," ಎಂದಳು.

ಹೊಗಳಿದಳೋ ತೆಗಳಿದಳೋ. ಕಾಗದ ಮಡಚಿಕೊಂಡು ಬಂದೆ.

ಜೂನ್ 11, ಗುರುವಾರ

ಪಾಠಕ್ಕೆ ಹೋದೆವು. ಜಾಗ ಉಳಿಯಿತು. ತೂವಾ ನನಗೆ ಒಂದು ಸಲವೂ ಗದರಲಿಲ್ಲ. ಅವಳಿಗೆ ಹುಷಾರಿಲ್ಲವೇನೋ ಎಂದುಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಇಂಗೆಮಾರ್ ಕಿಟಕಿಯಾಚೆ ಏನನ್ನೋ ತೋರಿಸಿ ಬಾಯಿ ತೆರೆದ. ಎರಡು ಸ್ಟಾಪ್ ದಾಟಿದವು. "ಅಲ್ಲಿ… ಲಾರಿ… ಗೇರ್." ಏನೆಂದು ನನಗೆ ಅರ್ಥವಾಗಲಿಲ್ಲ. ಹಿಂದಿನ ಸೀಟಿನ ಹೆಂಗಸು "ಲಾರಿ ಕೆಟ್ಟು ನಿಂತಿದೆ ಅಂತ ಹೇಳ್ತಿದಾರೆ ಅನ್ಸುತ್ತೆ," ಎಂದಳು. ನಾನು ತಿರುಗಿ ನೋಡಿದ ರೀತಿಗೆ ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು. ಜನಕ್ಕೆ ಎಲ್ಲದರಲ್ಲೂ ಬಾಯಿ ಹಾಕುವ ಚಟ.

ಜೂನ್ 19, ಮಿಡ್‌ಸೊಮ್ಮರ್ ಹಿಂದಿನ ದಿನ

ಇವತ್ತು ನೀನು ಬರುವುದು ಬೇಡ ಎಂದಿದ್ದ ಕೊರ್ನೇಲಿಯಾ ಆಫೀಸಿನಿಂದ ಫೋಟೋ ಕಳಿಸಿದ್ದಾಳೆ. ಉಟ್ರೆಕ್ಟ್‌ನ ಮೂವರು ಗಂಡಸರು ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು ಪೆಟ್ರೋಲ್ ಬಂಕಿನ ಸಾಸೇಜ್ ತಿನ್ನುತ್ತಿದ್ದಾರೆ. ಸಲಕರಣೆ ಒಪ್ಪಿಸಿಯಾಯಿತಂತೆ. ನನ್ನ ನಾಲ್ಕು ಸಾಲು ಅದರೊಳಗಿದೆ.

ನಮ್ಮಲ್ಲಿಗೆ ಯೋರನ್ ಮತ್ತು ಅವನ ಹೆಂಡತಿ ಸೀವ್ ಬಂದಿದ್ದರು. ಹಿತ್ತಲಲ್ಲಿ ಮೇಜು, ಸಬ್ಬಸಿಗೆ ಹಾಕಿ ಬೇಯಿಸಿದ ಹೊಸ ಆಲೂಗಡ್ಡೆ, ಸ್ಟ್ರಾಬೆರಿ, ಹೆರಿಂಗ್ ಮೀನಿನ ಜಾಡಿಗಳು. ಸಾಸಿವೆ ಹಾಕಿದ ಹೆರಿಂಗನ್ನು ನಾನೇ ಎರಡು ದಿನ ನೆನೆಸಿಟ್ಟಿದ್ದೆ. ಇಂಗೆಮಾರ್‌ನ ಜೀವ ಅದು.

ಯೋರನ್ ಬಡಿಸುತ್ತಿದ್ದ. ಕಿವುಡರ ಹತ್ತಿರ ಮಾತನಾಡುವಂತೆ ಕೂಗಿದ: "ಏನ್ ಹಾಕ್ಲಿ ಇಂಗೆಮಾರ್? ಸಾಸಿವೆದಾ?"

ಇಂಗೆಮಾರ್ ಬಾಯಿ ತೆರೆದ. ಏನೂ ಬರಲಿಲ್ಲ. ಯೋರನ್ ನನ್ನ ಮುಖ ನೋಡಿದ. ಸೀವ್ ನೋಡಿದಳು. ನಾನು ಆಲೂಗಡ್ಡೆಯ ಸಿಪ್ಪೆ ನೋಡಿದೆ.

"ಸಾಸಿವೆದೇ ಅಲ್ವಾ ಅನ್ನೆಲಿ, ಅವನಿಗೆ ಯಾವಾಗ್ಲೂ?" ಎಂದು ಯೋರನ್ ಚಮಚ ಎತ್ತಿದ.

"ಚಮಚ ಕೆಳಗಿಡು," ಅಂದೆ.

"ಏನಾಯ್ತೀಗ? ಮೀನು ಬಿಸಿಲಿಗೆ…"

"ಕೆಟ್ಟುಹೋಗ್ಲಿ. ಕೆಳಗಿಡು ಅಂದೆ."

ಇಟ್ಟ. ಪಕ್ಕದ ಮೈದಾನದಲ್ಲಿ ಕಂಬದ ಸುತ್ತ ಮಕ್ಕಳು ಕುಣಿಯುವ ಹಾಡು ಶುರುವಾಗಿ ಮುಗಿಯಿತು. ಸೀವ್ ಕರವಸ್ತ್ರ ಮಡಚಿದಳು, ಬಿಚ್ಚಿದಳು. ನಾನು ಎಣಿಸಲೂ ಇಲ್ಲ. ಇಂಗೆಮಾರ್ ಕೈ ಚಾಚಿ ಸಾಸಿವೆ ಜಾಡಿಯನ್ನು ಮೇಜಿನ ಆಚೆ ತುದಿಗೆ ನೂಕಿದ.

"ಇದು… ಬೇಡ." ಉಸಿರೆಳೆದ. "ಯಾವತ್ತೂ… ಬೇಡ… ಇತ್ತು."

ಯೋರನ್ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಮದುವೆಯಾದ ಮೊದಲ ಮಿಡ್‌ಸೊಮ್ಮರಿನಿಂದ ಹಿಡಿದು ಕ್ರಿಸ್‌ಮಸ್ಸಿಗೊಂದು ಜಾಡಿ, ಈಸ್ಟರಿಗೊಂದು ಜಾಡಿ, ಬೇಸಿಗೆಗೊಂದು ಜಾಡಿ. ಲೆಕ್ಕ ಹಾಕಲು ಹೊರಟು ಕೈಬಿಟ್ಟೆ. ಎಷ್ಟು ಸಾಸಿವೆ ಅರೆದಿದ್ದೇನೆ! ಅವನು ಒಂದೊಂದನ್ನೂ ತಳ ಕಾಣುವ ತನಕ ತಿಂದಿದ್ದಾನೆ! ಬಾಯಿ ನೆಟ್ಟಗಿದ್ದಾಗ ಹೇಳಲು ಏನು ಧಾಡಿ? ಆಲೂಗಡ್ಡೆ ತಣ್ಣಗಾಗುವ ತನಕ ಬೈದೆ. ಅವನು ಗ್ಯಾರೇಜಿಗೆ ಹೋಗಲಿಲ್ಲ. ಎದುರಿಗೇ ಕುಳಿತು, ಒಳ್ಳೆಯ ಎಂಜಿನ್ ಸದ್ದು ಕೇಳಿದವನಂತೆ ಕೇಳುತ್ತಿದ್ದ.

ಯೋರನ್ ಮತ್ತು ಸೀವ್ ಕಂಬದ ಹತ್ತಿರ ಕುಣಿಯಲು ಹೋಗಿದ್ದಾರೆ. ಜಾಡಿಗಳೆಲ್ಲ ಮೇಜಿನ ಮೇಲೇ ಇವೆ. ಬಿಸಿಲು ಚುರುಕಾಗಿದೆ, ನೊಣ ಬರುತ್ತಿದೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. "ಹಾಗಾದ್ರೆ ನಿನಗೆ ಯಾವುದು ಇಷ್ಟ ಹೇಳು," ಎಂದು ಕೇಳಿ, ಕೈ ಸುಮ್ಮನಿರಲಿ ಎಂದು ಇದನ್ನು ಬರೆಯುತ್ತಾ ಕುಳಿತಿದ್ದೇನೆ. ಅವನು ಜಾಡಿಗಳನ್ನು ಒಂದೊಂದಾಗಿ ನೋಡುತ್ತಿದ್ದಾನೆ. ಈಗ ನನ್ನನ್ನು ನೋಡಿದ. ಬಾಯಿ ತೆರೆದ. ಪೆನ್ನು ಕೆಳಗಿಡುತ್ತೇನೆ.